ಹದಿನೇಳನೇ ತಾರೀಖಿನ ಆಪರೇಷನ್

"ನಿಮ್ಮ ಅಕ್ಕನೋರೇ ಫೋನ್ ಮಾಡಿ ಬೇಡ ಅಂದ್ರಲ್ಲ ಪಾಸ್ಟರ್. ನಿಮಗೆ ಹೇಳ್ಲಿಲ್ವಾ?"

ಕಣ್ಣಾಸ್ಪತ್ರೆಯ ಗುಮಾಸ್ತೆ ಹೀಗೆ ಕೇಳಿದಾಗ ಪಾಸ್ಟರ ಎರಡು ಕೈಗೂ ಗೋಂದು ಮೆತ್ತಿಕೊಂಡಿತ್ತು. ಬೆನ್ನು ಕಿತ್ತುಬಂದ ಹಾಡಿನ ಪುಸ್ತಕಗಳನ್ನು ಚರ್ಚಿನ ಕೊನೆಯ ಬೆಂಚಿನ ಮೇಲೆ ಹರಡಿಕೊಂಡು ಒಂದೊಂದಕ್ಕೂ ಬಟ್ಟೆಯ ಪಟ್ಟಿ ಅಂಟಿಸುತ್ತ ಕೂತಿದ್ದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಏನು ಬೇಡ ಅಂದಳು, ಯಾವಾಗ ಅಂದಳು ಎಂದು ಕೇಳಿದರು. ಗುಮಾಸ್ತೆ ವಿವರಿಸಿದಳು. ಹದಿನೇಳನೇ ತಾರೀಖು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟಿದ್ದ ಆಪರೇಷನ್ ತನಗೆ ಬೇಡ, ಆ ಜಾಗ ಬೇರೆ ಯಾರಿಗಾದರೂ ಕೊಡಿ ಎಂದು ಅಕ್ಕ ಶುಕ್ರವಾರವೇ ಹೇಳಿಬಿಟ್ಟಿದ್ದಳಂತೆ. ಮನೆಯವರನ್ನು ಒಂದು ಮಾತು ಕೇಳದೆ ಹೆಸರು ಹೊಡೆದುಹಾಕಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಈ ಫೋನು.

ಹೆಸರು ಹೊಡೆಯಬೇಡಿ, ದಯವಿಟ್ಟು ಹೊಡೆಯಬೇಡಿ ಎಂದರು ಪಾಸ್ಟರು. ಕಾಯುವವರ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಜನ ಇದ್ದಾರೆ, ಬುಧವಾರ ಸಂಜೆ ಐದರವರೆಗೆ ಕಾಯಬಲ್ಲೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಗುಮಾಸ್ತೆ ಫೋನಿಟ್ಟಳು. ಅಂದು ಸೋಮವಾರ, ಏಳನೇ ತಾರೀಖು.

ಅಕ್ಕನ ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತು. ಕಣ್ಣೊಳಗಿನ ಒತ್ತಡ ಸದ್ದಿಲ್ಲದೆ ಏರಿ, ಒಂದು ದಿನ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಾಗಲೇ ಮನೆಯವರಿಗೆ ತಿಳಿದದ್ದು. ಈಗ ಎಡಗಣ್ಣಿನದೂ ಅದೇ ಹಾದಿ, ಔಷಧಿಗೆ ಬಗ್ಗುತ್ತಿರಲಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಆಪರೇಷನ್ ಒಂದೇ ದಾರಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಅದನ್ನು ಮಾಡುವ ಸರ್ಜನ್ ಹೊರಗಿನಿಂದ ಬರುವವರು, ಅದೂ ಎರಡು ತಿಂಗಳಿಗೊಮ್ಮೆ. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಕಣ್ಣಿನಲ್ಲಿ ಎಷ್ಟು ಉಳಿದಿರುತ್ತದೆ ಎಂದು ಕೇಳಿದ್ದಕ್ಕೆ ಅವರು ಪೆನ್ನಿನ ಕ್ಯಾಪು ಹಾಕಿಟ್ಟಿದ್ದರು.

ಚರ್ಚಿಗೂ ಪಾಸ್ಟರ ಮನೆಗೂ ನಡುವೆ ಇಪ್ಪತ್ತು ಹೆಜ್ಜೆ. ಅಷ್ಟು ದೂರದಲ್ಲೇ ಪಾಸ್ಟರ ಸಿಟ್ಟು ನೆತ್ತಿಗೇರಿತ್ತು. ಅಕ್ಕ ಕಿಟಕಿಯ ಪಕ್ಕ ಕೂತು ಚರ್ಚಿನ ಪ್ರಸಂಗ ಪೀಠದ ಹೊದಿಕೆಗೆ ಅಂಚು ಹೊಲಿಯುತ್ತಿದ್ದಳು. ಅಂಗಿ ಫ್ಯಾಕ್ಟರಿಯಲ್ಲಿ ಮೂವತ್ತೆರಡು ವರ್ಷ ಗುಂಡಿ ಕಾಜಾ ಹೊಲಿದ ಕೈ ಅದು. ಕಣ್ಣಿನ ಹಂಗು ಅಷ್ಟಾಗಿ ಇರಲಿಲ್ಲ. ಅಮ್ಮ ತೀರಿಕೊಂಡಾಗ ಪಾಸ್ಟರಿಗೆ ಒಂಬತ್ತು ವರ್ಷ, ಅವಳಿಗೆ ಹತ್ತೊಂಬತ್ತು. ತಮ್ಮನನ್ನು ಓದಿಸುವುದರಲ್ಲಿ ತನ್ನ ಮದುವೆಯ ವಯಸ್ಸು ದಾಟಿದ್ದನ್ನು ಅವಳು ಗಮನಿಸಲಿಲ್ಲವೋ, ಗಮನಿಸಿಯೂ ಹೇಳಲಿಲ್ಲವೋ. ಆರು ವರ್ಷದ ಕೆಳಗೆ ಪಾಸ್ಟರ ಹೆಂಡತಿ ತೀರಿಕೊಂಡ ಮೇಲೆ ಗಂಟುಮೂಟೆ ಕಟ್ಟಿಕೊಂಡು ಬಂದು ಮತ್ತೆ ಅವರ ಅನ್ನದ ತಟ್ಟೆಯ ಯಜಮಾನಿಕೆ ವಹಿಸಿಕೊಂಡಿದ್ದಳು.

"ಚೀಟಿ ಹಾಕಿದ್ದೀನಿ ಕಣೋ," ಎಂದಳು, ಸೂಜಿ ನಿಲ್ಲಿಸದೆ. "ನಿಂಗೆ ಹೇಳಿದ್ರೆ ಹೀಗೇ ಕುಣೀತೀಯ ಅಂತ ಹೇಳ್ಲಿಲ್ಲ."

ಯಾವ ಚೀಟಿ ಎಂದು ಪಾಸ್ಟರು ಕೇಳಬೇಕಾಗಿರಲಿಲ್ಲ. ಅದರ ಸುದ್ದಿ ಎರಡು ವಾರದಿಂದ ಕಿವಿಗೆ ಬೀಳುತ್ತಲೇ ಇತ್ತು. ಅದು ತಮ್ಮ ಮನೆಯೊಳಗೇ ಬಂದು ಕೂತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಸಭೆಯ ಹಿರಿಯರಲ್ಲಿ ಒಬ್ಬರಿಗೆ ಟೈಮ್‌ಟೇಬಲ್ ಎಂದೇ ಹೆಸರು ನಿಂತುಹೋಗಿತ್ತು. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಎಷ್ಟಕ್ಕೆ ಸೇರಬೇಕು ಎಂದು ಪಟ್ಟಿ ಹಾಕಿದವರು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ ಸತ್ಯವೇದದ, ಎಂದರೆ ಬೈಬಲ್ಲಿನ, ವರ್ಷಗಳಿಗೆ, ವಾರಗಳಿಗೆ ಪಟ್ಟಿ ಹಾಕಲು ಕೂತರು. ರಾಜರ ಆಳ್ವಿಕೆ ಇಷ್ಟು, ಸೆರೆಯ ವರ್ಷ ಇಷ್ಟು, ಪ್ರವಾದಿ ಹೇಳಿದ ವಾರಗಳು ಇಷ್ಟು ಎಂದು ಕೂಡಿ ಕಳೆದು ಕೊನೆಗೆ ಕರ್ತನ ಎರಡನೆಯ ಬರೋಣ, ಸತ್ತವರನ್ನೆಲ್ಲ ಎಬ್ಬಿಸಲು ದೇವಕುಮಾರ ಮತ್ತೆ ಲೋಕಕ್ಕೆ ಬರುವುದು, ಈ ತಿಂಗಳ ಹದಿನೇಳಕ್ಕೆ ಎಂದು ಗೆರೆ ಎಳೆದುಬಿಟ್ಟಿದ್ದರು. ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರು ಎಂದು ಕರ್ತನೇ ಹೇಳಿಲ್ಲವೇ ಎಂದು ಪಾಸ್ಟರು ಕೇಳಿದಾಗ, ಗಳಿಗೆ ನಾನೂ ಹೇಳುತ್ತಿಲ್ಲವಲ್ಲ ಎಂದಿದ್ದರು.

ತಮಾಷೆಯೆಂದರೆ ಸಂಡೇ ಸ್ಕೂಲ್ ಕೋಣೆಯ ಬೀಗದ ಕೈಯನ್ನು ಅವರ ಕೈಗೆ ಕೊಟ್ಟವರು ಪಾಸ್ಟರೇ. ಮಂಗಳವಾರ ಸಂಜೆ ಒಂದಷ್ಟು ಜನ ಸೇರಿ ವೇದ ಓದುತ್ತೇವೆ ಎಂದು ಕೇಳಿದಾಗ, ಓದುವವರಿದ್ದಾರಲ್ಲ ಎಂದು ಪಾಸ್ಟರು ಹಿಗ್ಗಿದ್ದರು. ಈಗ ಭಾನುವಾರ ಅವರ ಪ್ರಸಂಗಕ್ಕೆ ಇಪ್ಪತ್ತೈದು ಜನ, ಮಂಗಳವಾರ ಟೈಮ್‌ಟೇಬಲ್ ಮುಂದೆ ನಲವತ್ತು. ಕುರ್ಚಿ ಸಾಲದೆ ಚರ್ಚಿನಿಂದ ಬೆಂಚು ಹೊತ್ತೊಯ್ಯುತ್ತಿದ್ದರು, ಸೌಜನ್ಯಕ್ಕೂ ವಾಪಸ್ ತಂದಿಡುತ್ತಿರಲಿಲ್ಲ. ಗೊತ್ತು ಎನ್ನುವವನ ಮುಂದೆ ಗೊತ್ತಿಲ್ಲ ಎನ್ನುವವನು ಎಷ್ಟು ಗಂಟಲು ಹರಿದುಕೊಂಡರೂ ಅಷ್ಟೇ ಎಂದು ಪಾಸ್ಟರಿಗೆ ಈ ವರ್ಷವಷ್ಟೇ ಮನದಟ್ಟಾಗಿತ್ತು.

ಚೀಟಿಯ ಏರ್ಪಾಡು ಇತ್ತೀಚಿನದು. ಕೂಟಕ್ಕೆ ಬರುವ ಬೇಕರಿಯಮ್ಮ ಖಾಲಿ ಬಿಸ್ಕತ್ತಿನ ಡಬ್ಬವೊಂದನ್ನು ತಂದಿಟ್ಟಿದ್ದಳು. ಕೂಟವಿಲ್ಲದ ದಿನ ಅದು ಅವಳ ಬೇಕರಿಯಲ್ಲೇ ಇರುತ್ತಿತ್ತು. ಹದಿನೇಳಕ್ಕೋ ಆಮೇಲಿನ ದಿನಕ್ಕೋ ಎಂದು ತಾನು ಕಾದಿರಿಸಿಕೊಂಡಿದ್ದ ಒಂದನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು, ಬಿಟ್ಟುಕೊಟ್ಟೆ ಎಂದು ಎಲ್ಲರೆದುರು ಹೇಳಿ ಡಬ್ಬಕ್ಕೆ ಹಾಕಬೇಕು. ನಾಳೆಗೆ ಎಂದು ಗಂಟು ಕಟ್ಟಿಟ್ಟವನು ಕಾಯುವವನಲ್ಲ ಎಂಬುದು ಟೈಮ್‌ಟೇಬಲ್ ಮಾತು. ಬೇಕರಿಯಮ್ಮ ಮುಂದಿನ ತಿಂಗಳ ಹಿಟ್ಟಿನ ಆರ್ಡರ್ ಬಿಟ್ಟಳು. ಒಬ್ಬ ಮಾಳಿಗೆ ಕಟ್ಟುವ ಪರವಾನಗಿ ಬಿಟ್ಟ. ಅಕ್ಕನಿಗೆ ಮುಂದಕ್ಕೆಂದು ಇದ್ದದ್ದು ಆಪರೇಷನ್ ಒಂದೇ.

"ಕರ್ತನನ್ನ ನೋಡೋಕೆ ಇಷ್ಟು ಕಣ್ಣು ಸಾಕು ಅಂತ ಬರೆದೆ," ಎಂದಳು. "ಎಲ್ಲರೂ ಅತ್ತುಬಿಟ್ರು ಗೊತ್ತಾ?"

ಪಾಸ್ಟರು ಕೈಯ ಗೋಂದು ಒಣಗಿ ಬೆರಳುಗಳು ಅಂಟಿಕೊಂಡದ್ದು ಕಂಡು, ತೊಳೆದುಕೊಳ್ಳಲು ಒಳಗೆ ಹೋದರು. ನಲ್ಲಿಯ ಕೆಳಗೆ ಕೈಯುಜ್ಜುತ್ತ ಬಹಳ ಹೊತ್ತು ನಿಂತರು.

ಮಂಗಳವಾರ ಬೆಳಿಗ್ಗೆಯೇ ಟೈಮ್‌ಟೇಬಲ್ ಮನೆಗೆ ಹೋದರು. ಮನೆ ಚೊಕ್ಕಟವಾಗಿತ್ತು. ಬಿಟ್ಟುಹೋಗುವವರ ಮನೆಯ ಹಾಗೆ ಪಾತ್ರೆ ಕವುಚಿ, ಪರದೆ ಒಗೆದು ಮಡಿಸಿಟ್ಟಿದ್ದರು. ಗೋಡೆಯ ಮೇಲೆ ಅವರ ಹೆಂಡತಿಯ ಫೋಟೋ, ಅದರ ಕೆಳಗೆ ಕೆಂಪು, ನೀಲಿ ಶಾಯಿಯಲ್ಲಿ ಗೆರೆ ಹೊಡೆದ ದೊಡ್ಡ ಕಾಗದ. ಪಾಸ್ಟರು ಸುತ್ತು ಬಳಸದೆ ವಿಷಯಕ್ಕೆ ಬಂದರು. ಅಕ್ಕನ ಚೀಟಿ ವಾಪಸ್ ಕೊಡಿ, ಅವಳಿಗೆ ಆಪರೇಷನ್ ಆಗದಿದ್ದರೆ ಕಣ್ಣು ಹೋಗುತ್ತದೆ ಎಂದರು. ಅದು ತನ್ನ ಮನೆಯ ಡಬ್ಬವಲ್ಲ, ತಾನು ಯಾರಿಗೂ ಇಂಥದೇ ಬರೆಯಿರಿ ಅಂದಿಲ್ಲ, ಹಾಕಿದವರು ಬಂದು ಕೇಳಿದರೆ ತಡೆಯುವುದೂ ಇಲ್ಲ ಎಂದು ಟೈಮ್‌ಟೇಬಲ್ ಹೇಳಿದರು. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಪಾಸ್ಟರಿಗೆ ಇನ್ನಷ್ಟು ಮೈ ಉರಿಯಿತು.

"ಹದಿನೇಳಕ್ಕೆ ಏನೂ ಆಗಲಿಲ್ಲ ಅಂದ್ರೆ? ಆ ಕಣ್ಣನ್ನ ನೀವು ತಂದುಕೊಡ್ತೀರಾ?"

"ಪಾಸ್ಟರ್, ನಿಮ್ಮನ್ನ ಕಂಡ್ರೆ ನನಗೆ ಗೌರವ ಇದೆ," ಎಂದರು ಟೈಮ್‌ಟೇಬಲ್. "ಆದ್ರೆ ಮೂವತ್ತು ವರ್ಷದಿಂದ ಸಿದ್ಧವಾಗಿರಿ, ಸಿದ್ಧವಾಗಿರಿ ಅಂತಾನೇ ಇದ್ದೀರಿ. ಎಷ್ಟೊತ್ತಿಗೆ ಅಂತ ಹೇಳಲ್ಲ. ಡಿಪೋದಲ್ಲಿ ನಾನು ಹಾಗಂದಿದ್ರೆ ಒಬ್ಬ ಡ್ರೈವರೂ ಬಸ್ ಹತ್ರ ಬರ್ತಿರ್ಲಿಲ್ಲ."

ಬಸ್ಸು ಬಿಡುವುದು ನಿಮ್ಮ ಕೈಯಲ್ಲಿತ್ತು, ಇದು ಯಾರ ಕೈಯಲ್ಲಿದೆ ಎಂದು ಪಾಸ್ಟರು ಕೇಳಿದರು. ಟೈಮ್‌ಟೇಬಲ್ ಎದ್ದು ಗೋಡೆಯ ಹತ್ತಿರ ಹೋದರು. ಫೋಟೋದ ಗಾಜಿನ ಮೇಲೆ ಕೂತಿದ್ದ ಧೂಳನ್ನು ತೋಳಿನಿಂದ ಒರೆಸಿದರು.

"ಇನ್ನು ಒಂಬತ್ತು ದಿನ. ನಾನು ನನ್ನ ಹೆಂಡ್ತಿ ಮುಖ ನೋಡ್ತೀನಿ. ನೀವೂ ನಿಮ್ಮ ಮನೆಯವರನ್ನ ನೋಡ್ತೀರಿ. ನಿಮಗೆ ಬೇಡ್ವಾ?"

ಆ ಮನುಷ್ಯ ಮೋಸಗಾರನಾಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಹಾಗಿರಲಿಲ್ಲ, ಅದೇ ತೊಂದರೆ. ಪಾಸ್ಟರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೇಡ್ವಾ ಎಂಬ ಮಾತು ಬೀದಿಯ ತಿರುವಿನವರೆಗೂ ಬೆನ್ನ ಹಿಂದೆ ಬಂತು. ಹೆಂಡತಿ ಕೊನೆಯ ವಾರದಲ್ಲಿ, ಈ ನೋವು ಇನ್ನೆಷ್ಟು ದಿನ ಎಂದು ಕೇಳಿದ್ದಳು. ಗೊತ್ತಿಲ್ಲ ಎಂದಿದ್ದರು. ನಿಜವನ್ನೇ ಹೇಳಿದ್ದರು. ಆ ನಿಜ ಅವಳಿಗೆ ಏನು ಉಪಕಾರ ಮಾಡಿತೆಂದು ಆರು ವರ್ಷವಾದರೂ ಅವರಿಗೆ ತಿಳಿದಿರಲಿಲ್ಲ.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಪಾಸ್ಟರು ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತರು. ಮೂರು ಗಂಟೆಯಾಗಿತ್ತು. ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಹಿಂದೆ ಎಷ್ಟೋ ಜನ ಹೀಗೆ ದಿನ ಇಟ್ಟು, ಬೆಟ್ಟ ಹತ್ತಿ ಕಾದು, ಇಳಿದು ಬಂದದ್ದನ್ನು ಹೇಳಿದರು. ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ, ಒಡೆಯ ಬಂದಾಗ ಆಳು ತನ್ನ ಕೆಲಸದಲ್ಲಿರುವುದೇ ಕಾಯುವುದು ಎಂದರು. ಅವನು ಬಂದರೆ ಆಸ್ಪತ್ರೆಯ ದಾರಿ ಅವನಿಗೆ ಗೊತ್ತಾಗುವುದಿಲ್ಲವೇ, ವಾರ್ಡಿನ ಬಾಗಿಲಲ್ಲಿ ಅವನನ್ನು ತಡೆಯುವವರು ಯಾರು ಎಂದು ನಗಿಸಲೂ ನೋಡಿದರು. ಎಲ್ಲ ಗೋಡೆಗೆ ಹೇಳಿದ ಹಾಗಾಯಿತು. ಅಕ್ಕ ಹೂಂ, ಹೂಂ ಎನ್ನುತ್ತ ಹೊದಿಕೆಯ ಅಂಚನ್ನು ಬೆರಳಲ್ಲಿ ಸವರಿ ನೋಡುತ್ತಿದ್ದಳು. ನಾಲ್ಕು ಗಂಟೆಯಾಯಿತು. ಪಾಸ್ಟರ ಮಾತು ಮುಗಿದು ಬರಿಯ ಬೇಸರ ಉಳಿಯಿತು.

ಆಗ ಅಕ್ಕ ಬಟ್ಟೆ ಕೆಳಗಿಟ್ಟಳು.

"ನಂಗೇನು ಕಣ್ಣು ಬೇಡ್ವೇನೋ? ರಾತ್ರಿಯೆಲ್ಲಾ ಹೆದರಿಕೆ ಆಗುತ್ತೆ ನಂಗೆ. ಪೂರ್ತಿ ಕತ್ತಲೆ ಆದ್ರೆ ನಿನ್ನ ಮೇಲೆ ಭಾರ ಆಗ್ತೀನಿ ಅಂತ." ತುಸು ತಡೆದು ಕೇಳಿದಳು: "ಅವರೆಲ್ಲಾ ಕರ್ತ ಬರ್ತಾನೆ ಅಂತಾರೆ. ನೀನೇನಂತೀಯ?"

"ಯಾರಿಗೂ ಗೊತ್ತಿಲ್ಲ ಅಂತೀನಿ."

"ಅಂದ್ರೆ ಬಂದ್ರೂ ಬರಬಹುದು."

"ಯಾವತ್ತು ಬೇಕಾದ್ರೂ ಬರಬಹುದು ಅಕ್ಕ."

"ಹದಿನೇಳಕ್ಕೂ?"

ಪಾಸ್ಟರು ಗಡಿಯಾರ ನೋಡಿದರು.

"ನೋಡು ಮತ್ತೆ. ಎಲ್ಲರೆದುರು ಮಾತು ಕೊಟ್ಟಿದ್ದೀನಿ. ನೀನು ಬಂದ್ರೂ ಬರಬಹುದು ಅಂತೀಯ. ಅವತ್ತೇ ಬಂದು, ನಾನು ಮಾತು ತಪ್ಪಿ ಮೂಗಿಗೆ ಔಷಧಿ ಹಿಡಿಸ್ಕೊಂಡು ಮಲಗಿದ್ರೆ ಹೇಗೆ ಮುಖ ತೋರಿಸ್ಲಿ?" ಅವಳು ಮುಂದಕ್ಕೆ ಬಾಗಿದಳು. "ಬರಲ್ಲ ಅಂತ ಹೇಳು. ಹದಿನೇಳಕ್ಕೆ ಬರಲ್ಲ ಅಂತ ನೀನು ಬಾಯಿಬಿಟ್ಟು ಹೇಳು. ಈಗಲೇ ಹೋಗಿ ಚೀಟಿ ತಗೊಂಡು ಬರ್ತೀನಿ. ನೀನು ಹೇಳಿದ್ರೆ ಸಾಕು ನಂಗೆ."

ಪಾಸ್ಟರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬರುತ್ತಾನೆ ಎನ್ನುವುದು ಎಷ್ಟು ತಪ್ಪೋ ಅಂದು ಬರುವುದಿಲ್ಲ ಎನ್ನುವುದೂ ಅಷ್ಟೇ ತಪ್ಪು. ಟೈಮ್‌ಟೇಬಲ್ ಕಾಗದದ ಮೇಲೆ ಮಾಡಿದ್ದನ್ನೇ ತಾವು ಬಾಯಲ್ಲಿ ಮಾಡಿದ ಹಾಗೆ. ಮೂವತ್ತೊಂದು ವರ್ಷದಲ್ಲಿ ಯಾವ ರೋಗಿಯ ಮಂಚದ ಪಕ್ಕದಲ್ಲೂ ಅವರು ತಮಗೆ ತಿಳಿಯದ್ದನ್ನು ತಿಳಿದಿದೆ ಎಂದಿರಲಿಲ್ಲ. ಜನ ಹಾರಿಕೆಯ ಪಾಸ್ಟರು ಎಂದು ಆಡಿಕೊಂಡರೂ ಅದೊಂದನ್ನು ಕಾಪಾಡಿಕೊಂಡು ಬಂದಿದ್ದರು. ಅದನ್ನು ಬಿಟ್ಟರೆ ತಮ್ಮ ಹತ್ತಿರ ಇನ್ನೇನಿದೆ ಎಂದೂ ಅನ್ನಿಸುತ್ತಿತ್ತು. ಅಕ್ಕ ಕತ್ತು ಓರೆ ಮಾಡಿ ಉಳಿದ ಒಂದು ಕಣ್ಣನ್ನು ಅವರ ಮುಖಕ್ಕೆ ನೆಟ್ಟು ಕೂತಿದ್ದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಮೂವತ್ತೈದು.

"ಬರಲ್ಲ," ಎಂದರು ಪಾಸ್ಟರು.

"ಗೊತ್ತಾ ನಿಂಗೆ?"

"ಗೊತ್ತು."

ಅಕ್ಕ ಎದ್ದು ಚಪ್ಪಲಿ ಹುಡುಕಿಕೊಂಡು ಬೇಕರಿಯ ಕಡೆ ಹೊರಟಳು. ಪಾಸ್ಟರು ಆಸ್ಪತ್ರೆಗೆ ಫೋನ್ ಮಾಡಿದರು. ಆ ಕಡೆ ಗುಮಾಸ್ತೆ ಒಳ್ಳೆಯದಾಯಿತು ಎಂದಳು. ಒಳ್ಳೆಯದಾಯಿತು ಎಂದು ತಮಗೂ ಅನ್ನಿಸಬೇಕಿತ್ತು.

ಹದಿನೇಳರಂದು ಬೆಳಿಗ್ಗೆ ಅವರಿಬ್ಬರೂ ಹೊರಡುವಾಗ ಸಂಡೇ ಸ್ಕೂಲ್ ಕೋಣೆಯಲ್ಲಿ ಆಗಲೇ ಹಾಡು ಶುರುವಾಗಿತ್ತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಅಕ್ಕ ಆ ಕಡೆ ಒಂದು ಗಳಿಗೆ ನಿಂತು, ನಡಿ ಎಂದಳು. ಆಸ್ಪತ್ರೆಯಲ್ಲಿ ಅವಳು ಹಗುರಾಗಿದ್ದಳು. ಪಕ್ಕದ ಮಂಚದ ಮುದುಕಿಗೆ, ನನ್ನ ತಮ್ಮ ಪಾಸ್ಟರ್, ಇವತ್ತು ಏನೂ ಆಗಲ್ಲ ಅಂತ ಅವನಿಗೆ ಗೊತ್ತು ಎಂದು ಹೇಳಿದಳು. ಮುದುಕಿ ಅದನ್ನು ಆಪರೇಷನ್ನಿನ ಮಾತು ಎಂದುಕೊಂಡು, ನನಗೂ ಸ್ವಲ್ಪ ಹೇಳಿ ಸ್ವಾಮಿ ಎಂದು ಕೈ ಮುಗಿದಳು. ಪಾಸ್ಟರು ಪ್ರಾರ್ಥನೆ ಮಾಡುತ್ತೇನೆ ಎಂದಷ್ಟೇ ಹೇಳಿ ಜಾರಿಕೊಂಡರು.

ಆಪರೇಷನ್ ಕೋಣೆಯ ಹೊರಗೆ ಉದ್ದದ ಕಬ್ಬಿಣದ ಬೆಂಚು. ಒಂಬತ್ತೂವರೆಗೆ ಕಾರಿಡಾರಿನ ಆ ತುದಿಯಲ್ಲಿ ಯಾರೋ ಔಷಧಿಯ ಟ್ರಾಲಿಯನ್ನು ಮೆಟ್ಟಿಲಿಗೆ ಗುದ್ದಿಸಿ ಉರುಳಿಸಿಬಿಟ್ಟರು. ಆ ಸದ್ದಿಗೆ ಪಾಸ್ಟರು ಧಡಕ್ಕನೆ ಎದ್ದು ಕಿಟಕಿಯ ಹತ್ತಿರ ಹೋಗಿ ಆಕಾಶ ನೋಡಿದರು. ನೋಡಿದ್ದು ಆಮೇಲೆ ಅರಿವಿಗೆ ಬಂತು. ಬರಿ ಮೋಡ ಇತ್ತು, ಎದುರು ಕಟ್ಟಡದ ಮೇಲೆ ನೀರಿನ ಟ್ಯಾಂಕು ಇತ್ತು. ತಮ್ಮ ಮೇಲೆ ತಮಗೇ ರೇಗಿ ವಾಪಸ್ ಬಂದು ಕೂತರು. ಹನ್ನೊಂದಕ್ಕೆ ಸರ್ಜನ್ ಹೊರಗೆ ಬಂದು, ಚೆನ್ನಾಗಿ ಆಯಿತು, ಇರುವಷ್ಟು ದೃಷ್ಟಿ ಉಳಿಯುತ್ತದೆ ಎಂದರು.

ಸಂಡೇ ಸ್ಕೂಲ್ ಕೋಣೆಯಲ್ಲಿ ಕತ್ತಲಾಗುವವರೆಗೆ ಹಾಡಿದರಂತೆ. ಆಮೇಲೆ ಒಬ್ಬೊಬ್ಬರೇ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು. ಪಾಸ್ಟರು ಇದಕ್ಕೆ ಖುಷಿಪಡಲಿಲ್ಲ, ನಿಜವಾಗಿ ಪಡಲಿಲ್ಲ. ಆದರೆ ಇನ್ನು ಮೇಲಾದರೂ ಜನ ನೆಟ್ಟಗಾಗುತ್ತಾರೆ ಎಂದುಕೊಂಡಿದ್ದರು. ಆದದ್ದೇ ಬೇರೆ. ಚೀಟಿ ವಾಪಸ್ ಕೇಳುವಾಗ ಅಕ್ಕ, ಬರಲ್ಲ ಅಂತ ನನ್ನ ತಮ್ಮನಿಗೆ ಗೊತ್ತು ಎಂದು ಬೇಕರಿಯಲ್ಲಿ ಎಲ್ಲರೆದುರು ಹೇಳಿದ್ದಳು. ಅದು ಬಾಯಿಂದ ಬಾಯಿಗೆ ಹರಡಿತ್ತು. ಟೈಮ್‌ಟೇಬಲ್ ತಪ್ಪಿದರು, ಪಾಸ್ಟರು ಸರಿ ಹೇಳಿದರು ಎಂದಾಯಿತು. ವಿದ್ಯುತ್ ಕೆಲಸದವನು ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ, ಮುಂದಿನ ವರ್ಷ ಹೇಗೆ ಪಾಸ್ಟರ್, ಮಗಳ ಮದುವೆ ಇಟ್ಟುಕೊಳ್ಳಬಹುದಾ ಎಂದು ಕೇಳಿದ. ನನಗೇನು ಗೊತ್ತು ಮಾರಾಯ ಎಂದರೆ, ನಮ್ಮ ಹತ್ರ ಯಾಕೆ ಮುಚ್ಚಿಡ್ತೀರಿ ಎಂದು ಕಣ್ಣು ಮಿಟುಕಿಸಿ ಹೋದ. ಭಾನುವಾರ ಚರ್ಚಿಗೆ ಐವತ್ತಕ್ಕೂ ಹೆಚ್ಚು ಜನ ಬಂದರು. ಹೋದ ಬೆಂಚುಗಳೆಲ್ಲ ತಾವಾಗಿ ವಾಪಸ್ ಬಂದಿದ್ದವು. ಇಷ್ಟು ವರ್ಷ ಬಯಸಿದ ತುಂಬಿದ ಚರ್ಚು ಕಣ್ಣೆದುರಿಗಿತ್ತು. ಪಾಸ್ಟರಿಗೆ ಎಲ್ಲಿಯಾದರೂ ಓಡಿಹೋಗೋಣ ಅನ್ನಿಸಿತು.

ಮುಂದಿನ ಭಾನುವಾರ ಪೀಠದಿಂದಲೇ ಹೇಳಿಬಿಡಬೇಕೆಂದು ನಿರ್ಧರಿಸಿದರು. ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದದ್ದು ಸುಳ್ಳು, ಅಕ್ಕನ ಕಣ್ಣಿಗಾಗಿ ಹೇಳಿದ ಸುಳ್ಳು ಎಂದು ನಾಲ್ಕು ಸಾಲು ಬರೆದೂ ಇಟ್ಟರು. ಬರೆದ ಮೇಲೆ ವಾರದಲ್ಲಿ ಮೊದಲ ಸಲ ಹೊಟ್ಟೆ ಹಸಿಯಿತು. ಆದರೆ ಊರಿಗೆ ಹೇಳುವ ಮೊದಲು ಅಕ್ಕನಿಗೆ ಹೇಳಬೇಕು. ಶನಿವಾರ ಮಧ್ಯಾಹ್ನ ಅವಳ ಕಣ್ಣಿಗೆ ಹನಿ ಹಾಕುವ ಹೊತ್ತಿಗೆ ಸೀಸೆ ಹಿಡಿದುಕೊಂಡು ಒಳಗೆ ಹೋದರು.

ಅಕ್ಕ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದಳು. ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಆಪರೇಷನ್ನಿನ ಆಯಾಸ ಎಂದು ಪಾಸ್ಟರು ತಿಳಿದಿದ್ದರು.

"ಅಕ್ಕ, ನಿನ್ನ ಹತ್ರ ಒಂದು ಮಾತು ಹೇಳಬೇಕು."

"ನಾನೂ ಒಂದು ಕೇಳಬೇಕು. ಮೊದಲು ನಂದು," ಎಂದಳು ಅಕ್ಕ.

ಗುರುವಾರ ಬೇಕರಿಯಮ್ಮ ಬಂದಿದ್ದಳಂತೆ. ಒಳಗೆ ಬಾ ಅಂದರೂ ಬರದೆ ಗೇಟಿನ ಹತ್ತಿರವೇ ನಿಂತಳಂತೆ. ಈ ಮಂಗಳವಾರ ಮತ್ತೆ ಕೂಟ ಸೇರಿದ್ದರು. ಟೈಮ್‌ಟೇಬಲ್ ಕಾಗದವನ್ನೆಲ್ಲ ಮತ್ತೆ ತಿದ್ದಿ ನೋಡಿದರೂ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲವಂತೆ. ಕೊನೆಗೆ ಡಬ್ಬ ತೆರೆದು ನೋಡಿದರಂತೆ. ನಲವತ್ತೊಂದು ಚೀಟಿ ಇರಬೇಕಾದಲ್ಲಿ ನಲವತ್ತು. ಒಬ್ಬರು ಹಿಂದೆ ಸರಿದರು, ಆದ್ದರಿಂದ ಕರ್ತನು ತಡಮಾಡಿದನು ಎಂದರಂತೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ನೀನೊಬ್ಬಳು ಕಾದಿದ್ರೆ ಆಗೋದು ಅಂದಳು ಕಣೋ," ಎಂದಳು ಅಕ್ಕ. "ಅವಳ ಗಂಡ ಹೋಗಿ ಮೂರು ವರ್ಷ. ಅವನನ್ನ ನೋಡ್ತೀನಿ ಅಂತ ಹೊಸ ಬಟ್ಟೆ ಹೊಲಿಸ್ಕೊಂಡಿದ್ದಳು. ನಾನೇ ಗುಂಡಿ ಹಾಕಿಕೊಟ್ಟಿದ್ದೆ."

ಈಗಲೇ ಹೋಗಿ ಆ ಮನುಷ್ಯನನ್ನು ಬೀದಿಗೆಳೆದು ಕೇಳುತ್ತೇನೆ ಎಂದು ಬಾಗಿಲ ಕಡೆ ತಿರುಗಿದ ಪಾಸ್ಟರನ್ನು ಅಕ್ಕ ಅಂಗಿ ಹಿಡಿದು ಕೂರಿಸಿದಳು. ಪಾಸ್ಟರು ಕೂತರು. ಕೂತಲ್ಲೇ ಮಾತಾಡಿದರು. ಒಬ್ಬ ಮನುಷ್ಯನ ಚೀಟಿಗಾಗಿ ಸೃಷ್ಟಿಕರ್ತ ಬಾಗಿಲಲ್ಲಿ ನಿಂತು ಕಾಯುತ್ತಾನೆಯೇ, ಇಡೀ ಲೋಕದ ನ್ಯಾಯ ನಿನ್ನ ಒಂದು ಕಣ್ಣಿನ ಮೇಲೆ ನಿಂತಿದೆಯೇ, ಸ್ವಲ್ಪ ಯೋಚನೆ ಮಾಡು ಎಂದರು. ಎಲ್ಲವೂ ನಿಜವೇ. ಒಂದೂ ಅಕ್ಕನ ಮುಖದ ಮೇಲೆ ನಾಟಲಿಲ್ಲ.

"ವಾದ ಬೇಡ. ನಿನ್ನ ವಾದಕ್ಕೆ ನಾನು ಯಾವತ್ತೂ ಉತ್ತರ ಕೊಟ್ಟವಳಲ್ಲ," ಎಂದಳು. ಅವರ ಮೊಣಕೈ ಹಿಡಿದುಕೊಂಡಳು. ಆಪರೇಷನ್ನಿನ ಕೆಂಪು ಇನ್ನೂ ಆರದ ಕಣ್ಣು ಅವರ ಮುಖವನ್ನು ಹುಡುಕಿತು. "ನಿಂಗೆ ಮೊದಲೇ ಗೊತ್ತಿತ್ತಲ್ವಾ? ನಾನು ಚೀಟಿ ತೆಗೆಯೋಕೂ ಮೊದಲೇ? ಹಾಗಿದ್ರೆ ನನ್ನಿಂದ ಅಲ್ಲ. ಅಷ್ಟು ಹೇಳು ಸಾಕು."

ಬರೆದಿಟ್ಟ ನಾಲ್ಕು ಸಾಲು ಪಾಸ್ಟರ ಜೇಬಿನಲ್ಲಿತ್ತು. ಅದನ್ನು ಹೇಗೆ ಹೇಳಿದರೂ, ಎಲ್ಲಿಂದ ಶುರು ಮಾಡಿದರೂ ಈ ಹೆಂಗಸಿನ ಮೇಲೆ ಇಡೀ ಲೋಕದ ಭಾರ ಬಂದು ಕೂರುತ್ತಿತ್ತು. ದೇವರ ಮೇಲೂ ಸಿಟ್ಟು ಬಂತು, ಒಂದು ಗಳಿಗೆ. ಇಷ್ಟು ಸಣ್ಣ ಮನೆಯಲ್ಲಿ ಇಷ್ಟು ದೊಡ್ಡ ಗಂಟನ್ನು ತಂದಿಟ್ಟು ಸುಮ್ಮನಿದ್ದಾನಲ್ಲ ಎಂದು.

"ಗೊತ್ತಿತ್ತು," ಎಂದರು. "ಮೊದಲೇ ಗೊತ್ತಿತ್ತು ಅಕ್ಕ."

ಅಕ್ಕ ಉಸಿರು ಬಿಟ್ಟಳು. ಅವರ ಮೊಣಕೈ ಬಿಟ್ಟು, ದಿಂಬು ಸರಿಮಾಡಿಕೊಂಡು, ತಲೆ ಹಿಂದಕ್ಕೆ ಒರಗಿಸಿದಳು. ನಿನ್ನ ಮಾತು ಏನು ಹೇಳು ಎಂದಳು. ಆಮೇಲೆ ಹೇಳುತ್ತೇನೆ, ಅಂಥದ್ದೇನಿಲ್ಲ ಎಂದರು ಪಾಸ್ಟರು.

ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಎಳೆದು ಸೀಸೆ ಬಗ್ಗಿಸಿದರು. ಮೊದಲ ಹನಿ ಕೆನ್ನೆಗೆ ಬಿತ್ತು, ಒರೆಸಿದರು. ಎರಡನೆಯದು ಕಣ್ಣಿಗೆ ಬಿತ್ತು. ಅಕ್ಕ ರೆಪ್ಪೆ ಮುಚ್ಚಿಕೊಂಡು, ಎಷ್ಟು ಹೊತ್ತು ಎಂದು ಕೇಳಿದಳು. ಎರಡು ನಿಮಿಷ ಎಂದು ಡಾಕ್ಟರಮ್ಮ ಹೇಳಿದ್ದರು. ಪಾಸ್ಟರು ಮಂಚದ ಅಂಚಿನಲ್ಲಿ ಕೂತು, ಅವಳಿಗೆ ಕೇಳುವ ಹಾಗೆ, ಒಂದು, ಎರಡು ಎಂದು ಎಣಿಸತೊಡಗಿದರು.